ದಾರ ಕಡಿದ ಜಾಗ

ಹೊಲಿದು ಕೊಟ್ಟ ಬಟ್ಟೆ ವಾಪಸ್ ಬರುವುದೆಂದರೆ ದರ್ಜಿಯ ಮನೆಗೆ ಮುಖಕ್ಕೆ ಹೊಡೆದಂತೆ. ಅದೂ ಬಿಳಿ ಬಟ್ಟೆ. ಆಸ್ಪತ್ರೆಯ ಹಿರಿಯ ನರ್ಸಮ್ಮ ಮೆಟ್ಟಿಲು ಹತ್ತಿ ಬಂದವರೇ ಚೀಲದಿಂದ ಮೂರು ಕೋಟು ತೆಗೆದು ಕೌಂಟರಿನ ಮೇಲೆ ಹರಡಿದರು. ಒಂದರ ಕಾಲರಿನ ಬಳಿ, ಇನ್ನೊಂದರ ಗುಂಡಿಯ ಪಕ್ಕ, ಮತ್ತೊಂದರ ಜೇಬಿನ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಕಂದು ಚುಕ್ಕೆ.

“ರಕ್ತ ಅಂದ್ರೆ ನಮಗೆ ಗೊತ್ತಾಗಲ್ವೇನಮ್ಮ? ಕೋಟಿಗೆ ರಕ್ತ ಹಚ್ಚೋ ಕೆಲಸ ನಮ್ಮದು. ನೀವ್ಯಾಕೆ ಮೊದಲೇ ಮಾಡಿ ಕಳಿಸ್ತೀರಿ?”

ದರ್ಜಿಯ ಸೊಸೆ ನಗಲು ಹೋಗಿ ಅರ್ಧಕ್ಕೇ ನಿಲ್ಲಿಸಿದಳು. “ಸೂಜಿ ಚುಚ್ಚಿರಬೇಕು ಮೇಡಂ. ತೊಳೆದು ಇಸ್ತ್ರಿ ಮಾಡಿ ನಾಳೆನೇ ಕೊಡ್ತೀನಿ.”

“ಇದು ಎರಡನೇ ಸಲ. ಇನ್ನೊಂದು ಸಲ ಆದ್ರೆ ನಾನು ಹೇಳಿದ್ರೂ ಆಫೀಸಿನವರು ಕೇಳಲ್ಲ. ಬೇರೆ ಟೈಲರ್ ನೋಡ್ಕೋತಾರೆ ಅಷ್ಟೇ.”

ಒಳಗೆ ಕತ್ತರಿಸುವ ಮೇಜಿನ ಹಿಂದೆ ನಿಂತಿದ್ದ ಮಾವ ತಮಗೇನೂ ಕೇಳಿಸದವರಂತೆ ಬಟ್ಟೆಯ ಸುಕ್ಕು ಸವರುತ್ತಿದ್ದರು. ಆ ಬಟ್ಟೆಯಲ್ಲಿ ಸುಕ್ಕೇ ಇರಲಿಲ್ಲ.

ಮನೆಯ ಮುಂದಿನ ಕೋಣೆಯೇ ಅಂಗಡಿ. ಬೀದಿಯ ಕಡೆಗೆ ಕೌಂಟರು, ಅದರ ಹಿಂದೆ ಸೊಸೆಯ ಮಷಿನ್ನು, ಗೋಡೆಗೆ ಒತ್ತಿದಂತೆ ಮಾವನ ಮೇಜು. ಬೀದಿಗೆಲ್ಲ ಅವರು ‘ಮಾಸ್ಟರ್’. ಅವರು ಕತ್ತರಿಸಬೇಕು, ಸೊಸೆ ಹೊಲಿಯಬೇಕು, ಗುಂಡಿ ಮತ್ತು ಕೈಹೊಲಿಗೆ ಮತ್ತೆ ಅವರ ಕೈಯಲ್ಲೇ ಮುಗಿಯಬೇಕು. ಅವಳು ಮದುವೆಯಾಗಿ ಬಂದಾಗಿನಿಂದ ಇದೇ ಕಾನೂನು. ಅವರ ದೊಡ್ಡ ಕತ್ತರಿಯನ್ನು ಇನ್ನೊಬ್ಬರು ಮುಟ್ಟುವಂತಿರಲಿಲ್ಲ. ಅಳತೆಯನ್ನು ಅವರು ಎಂದೂ ಬರೆದುಕೊಂಡವರಲ್ಲ. ಒಮ್ಮೆ ಟೇಪು ಮೈಸುತ್ತಿ ಬಂದರೆ ಎದೆ, ಸೊಂಟ, ತೋಳು ಎಲ್ಲವೂ ತಲೆಯಲ್ಲಿ ಕೂತುಬಿಡುತ್ತಿದ್ದವು. “ಚೀಟಿ ನೋಡಿ ಬಟ್ಟೆ ಕತ್ತರಿಸೋನು ದರ್ಜಿಯಲ್ಲ, ಗುಮಾಸ್ತ” ಎನ್ನುತ್ತಿದ್ದರು.

ಆ ತಲೆಯೇ ಈಗ ಕೈಕೊಡುತ್ತಿತ್ತು. ಟೇಪಿನಿಂದ ಸೀಮೆಸುಣ್ಣಕ್ಕೆ ಬರುವಷ್ಟರಲ್ಲಿ ಅಂಕಿ ಮಾಯ. ಮಾವ ಬಟ್ಟೆಯ ಮೇಲೆ ಬಗ್ಗಿದವರು ಹಾಗೇ ನಿಂತುಬಿಡುತ್ತಿದ್ದರು. ಅಳೆಯುವಾಗಲೇ ಟೇಪಿನ ಮೇಲೆ ಕಣ್ಣಿಟ್ಟಿರುತ್ತಿದ್ದ ಸೊಸೆ ಆಗ ಮಷಿನ್ ತುಳಿಯುತ್ತಲೇ, ತನ್ನಷ್ಟಕ್ಕೆ ಗೊಣಗಿಕೊಂಡವಳಂತೆ, “ತೋಳು ಇಪ್ಪತ್ತೆರಡು... ಅಬ್ಬಾ, ಉದ್ದ ಕೈಯಿನವರು” ಎಂದು ಗಾಳಿಗೆ ಬಿಡುತ್ತಿದ್ದಳು. ಸೀಮೆಸುಣ್ಣ ಮತ್ತೆ ಓಡುತ್ತಿತ್ತು. ಈ ಕಳ್ಳಾಟ ಗಂಡನಿಗೆ ಗೊತ್ತಿರಲಿಲ್ಲ, ಅತ್ತೆಗೆ ಗೊತ್ತಿರಲಿಲ್ಲ. ಮಾವನಿಗೂ ಗೊತ್ತಿಲ್ಲವೆಂದೇ ಅವಳು ತಿಳಿದಿದ್ದಳು.

ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ದಿನವಿಡೀ ಬಸ್ಸಿನ ಅಡಿಯಲ್ಲಿ ಮಲಗಿ ಕೆಲಸ ಮಾಡುವವನಿಗೆ ಸಂಜೆ ಹೊತ್ತಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಊಟಕ್ಕೆ ಕೂತಾಗ ಕೋಟಿನ ಸಂಗತಿ ಅವನ ಕಿವಿಗೆ ಬಿತ್ತು.

“ಅಪ್ಪಾ, ಬೆರಳು ತೋರಿಸು.”

“ಯಾಕೆ, ಉಗುರು ಕತ್ತರಿಸ್ತೀಯಾ?”

“ತೋರಿಸು ಅಂದ್ರೆ ತೋರಿಸು.”

ಸೂಜಿ ತಿಂದು ತಿಂದು ಜರಡಿಯಂತಾಗಿದ್ದ ಆ ಬೆರಳುಗಳಲ್ಲಿ ಹೊಸ ಗಾಯ ಯಾವುದು, ಹಳೆಯದು ಯಾವುದು ಎಂದು ಯಾರು ಹೇಳಬೇಕು? ಹೈಸ್ಕೂಲಿನ ಮೊಮ್ಮಗಳು ಬಗ್ಗಿ ನೋಡಿ, “ಅಜ್ಜ ನಿಜವಾಗ್ಲೂ ತೂತುತೂತಾಗಿದ್ದಾರೆ” ಎಂದಳು. ಕಡ್ಡಿಯಂತಿದ್ದು ಮಾತು ಮಾತ್ರ ಚುಚ್ಚುವುದರಿಂದ ಅಜ್ಜ ಅವಳಿಗೆ ಇಟ್ಟ ಹೆಸರು ಗುಂಡುಸೂಜಿ. ಮರುದಿನ ಅವಳೇ ಬೆರಳಿಗೆ ಹಾಕಿಕೊಳ್ಳುವ ಲೋಹದ ಟೊಪ್ಪಿ ತಂದು, “ತಗೊಳ್ಳಿ ಅಜ್ಜ, ಬೆರಳಿಗೆ ಹೆಲ್ಮೆಟ್ಟು” ಎಂದಳು. ಎಲ್ಲರೂ ನಕ್ಕರು. ಮಾವ ನಗಲಿಲ್ಲ. ಟೊಪ್ಪಿ ಹಾಕಿಕೊಂಡೇ ಹೊಲಿದರು. ಚುಕ್ಕೆ ನಿಲ್ಲಲಿಲ್ಲ.

ಅದರ ಜೊತೆಗೆ ತಟ್ಟೆಯ ಜಗಳ ಬೇರೆ. ಮಾವ ಅನ್ನ ಕಲಸುವುದು, ಎರಡು ತುತ್ತು ನುಂಗುವುದು, ತಟ್ಟೆ ಸರಿಸುವುದು. ಸೌತೆಕಾಯಿ ಹೋಳು ಹಾಗೇ ಉಳಿಯುತ್ತಿತ್ತು. ಹುರಿದ ಕಡಲೆಬೀಜ ಮೊಮ್ಮಗಳ ಅಂಗೈಗೆ ಹೋಗುತ್ತಿತ್ತು.

“ಇಷ್ಟು ವರ್ಷ ಉಂಡ ಕೈರುಚಿ ಈಗ ಕಹಿ ಆಯ್ತೇನ್ರೀ ನಿಮಗೆ?” ಎಂದು ಅತ್ತೆ ಸೌಟು ಕುಕ್ಕಿದರು.

“ಹಸಿವಿಲ್ಲ ಅಂದೆ.”

“ಬೆಳಗ್ಗೆನೂ ಇಲ್ಲ, ಮಧ್ಯಾಹ್ನನೂ ಇಲ್ಲ. ಗಾಳಿ ಕುಡಿದು ಬದುಕ್ತೀರಾ?”

“ಗಂಜಿ ಮಾಡು, ಕುಡೀತೀನಿ.”

“ಗಂಜಿ! ಮನೇಲಿ ಯಾರಿಗೆ ಜ್ವರ ಬಂದಿದೆ ಅಂತ ಗಂಜಿ?”

ಮಾವ ಎದ್ದು ಕೈತೊಳೆದರು. ಸ್ವಲ್ಪ ಹೊತ್ತಿಗೆ ಮತ್ತೆ ಬಂದು ಕೂತು, “ಊಟ ಹಾಕ್ತೀರೋ ಇಲ್ವೋ?” ಎಂದು ಕೇಳಿದರು. ಅತ್ತೆಯ ಕೈಯಲ್ಲಿದ್ದ ಸೌಟು ನಿಂತಿತು. ಗಂಡ ಸೊಸೆಯ ಮುಖ ನೋಡಿದ. ಅವಳು ಇನ್ನೊಂದು ತಟ್ಟೆ ಇಟ್ಟಳು.

ಗುಟ್ಟು ಹೊರಬಿದ್ದದ್ದು ತೋಳಿನಿಂದ. ಆಸ್ಪತ್ರೆಯ ಹೊಸ ಆರ್ಡರಿನ ಬಟ್ಟೆ ದಪ್ಪದ್ದು, ಒಂದು ಮುಖ ನಯ, ಇನ್ನೊಂದು ಮುಖ ಒರಟು. ನಯದ ಮುಖ ಒಳಗೆ ಬರುವಂತೆ ಮಡಿಸಿ ಕತ್ತರಿಸಿದರೆ ಎಡತೋಳು ಬಲತೋಳು ಜೋಡಿಯಾಗಿ ಬರುತ್ತವೆ. ಇದು ಕತ್ತರಿ ಹಿಡಿದ ಮೊದಲ ವಾರ ಕಲಿಯುವ ಪಾಠ. ಸೊಸೆ ಮಗಳ ಶಾಲೆಯ ಮೀಟಿಂಗಿಗೆಂದು ಒಂದು ಬೆಳಿಗ್ಗೆ ಹೊರಗೆ ಹೋಗಿದ್ದಳು, ಅಷ್ಟೇ. ಮಾವ ಬಟ್ಟೆಯನ್ನು ಮಡಿಸದೆ ಹಾಗೇ ಒಂದರ ಮೇಲೊಂದು ಹಾಸಿ ಕತ್ತರಿಸಿಬಿಟ್ಟಿದ್ದರು. ಅವಳು ಬಂದು ನೋಡಿದರೆ ಮೇಜಿನ ಮೇಲೆ ಅಂದವಾಗಿ ಪೇರಿಸಿದ ಹನ್ನೆರಡು ತೋಳು, ಹನ್ನೆರಡೂ ಎಡಗೈಯವು.

ಇದನ್ನು ಗೊಣಗಿ ಸರಿಮಾಡುವಂತಿರಲಿಲ್ಲ. ಮುಚ್ಚಿಡೋಣವೆಂದರೆ ಗಂಡನಿಗೆ ಅಂದು ಅರ್ಧ ದಿನ ರಜೆ. ಅವಳ ಹಿಂದೆಯೇ ನಿಂತಿದ್ದ.

“ಇದೇನಿದು?”

“ತೋಳು,” ಎಂದರು ಮಾವ.

“ತೋಳು ಅಂತ ಕಾಣಿಸ್ತಿದೆ. ಬಲಗೈ ಇಲ್ಲದ ನರ್ಸ್‌ಗಳೇ ಇದ್ದಾರಾ ಆ ಆಸ್ಪತ್ರೇಲಿ?”

ಮಾವ ಒಂದು ತೋಳು ಎತ್ತಿ ನೋಡಿದರು. ಇನ್ನೊಂದನ್ನು ಎತ್ತಿದರು. ತಿರುಗಿಸಿದರು. ಅವರ ಮುಖದಲ್ಲಿ ಬಂದ ಹೆದರಿಕೆಯನ್ನು ಸೊಸೆ ನೋಡಲಾರದೆ ಹೋದಳು.

“ಬಟ್ಟೆ ಸರಿಯಿಲ್ಲ,” ಎಂದರು.

“ಬಟ್ಟೆಯಲ್ಲಪ್ಪ, ನಿನ್ನ ತಲೆ ಸರಿಯಿಲ್ಲ!”

ಹೇಳಿದ ಮೇಲೆ ಗಂಡನ ಮುಖವೂ ಸಣ್ಣಗಾಯಿತು. ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಜಾಯಮಾನ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ದೊಡ್ಡ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿ ಒಳಕೋಣೆಯ ಬೀರುವಿನಲ್ಲಿಟ್ಟು ಬೀಗ ಹಾಕಿದ. ಬೀಗದಕೈ ಅವನ ಜೇಬಿಗೆ ಹೋಯಿತು.

“ಇನ್ನು ಮೇಲೆ ಇವಳೇ ಕತ್ತರಿಸ್ತಾಳೆ. ನೀನು ಬೇಕಾದ್ರೆ ಗುಂಡಿ ಹಾಕ್ಕೊಂಡು ಕೂತ್ಕೋ.”

“ನನ್ನ ಕತ್ತರಿಗೆ ಬೀಗ ಹಾಕ್ತೀಯೇನೋ?” ಮಾವ ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು.

ಗಂಡ ಸೊಸೆಗೆ ಹೊಸದೊಂದು ಹಗುರ ಕತ್ತರಿ ತಂದುಕೊಟ್ಟ. ಅವಳು ಕತ್ತರಿಸಿದಳು. ಇಷ್ಟು ವರ್ಷ ಮಾವನ ಹೆಗಲ ಮೇಲಿಂದ ನೋಡಿ ನೋಡಿ ಕಲಿತದ್ದು ಕೈಗೆ ಸಲೀಸಾಗಿ ಬಂತು. ಹಾಳಾದ ತೋಳುಗಳಿಂದ ಜೇಬು, ಪಟ್ಟಿ ತೆಗೆದಳು. ಮೊದಲ ಕೋಟು ಹೆಗಲಿಗೆ ಸರಿಯಾಗಿ ಕೂತಾಗ ಅವಳಿಗೆ ಸಂತೋಷವಾಯಿತು, ನಿಜವಾದ ಸಂತೋಷ. ಮರುಗಳಿಗೆಯೇ ಮೂಲೆಯ ಸ್ಟೂಲಿನ ಮೇಲೆ ಗುಂಡಿ ಹಾಕುತ್ತ ಕೂತ ಮುದುಕರನ್ನು ಕಂಡು ನಾಚಿಕೆಯೂ ಆಯಿತು. ಕತ್ತರಿ ಬೇಕೆಂದು ಅವಳು ಆಸೆಪಟ್ಟದ್ದು ಸುಳ್ಳಲ್ಲ. ಹೀಗೆ ಬೇಕಾಗಿರಲಿಲ್ಲ.

ಮಾವ ಈಗ ಇಡೀ ದಿನ ಗುಂಡಿ, ಅಂಚು, ಕೈಹೊಲಿಗೆ. ಚುಕ್ಕೆಗಳು ಕಡಿಮೆಯಾಗುವುದಿರಲಿ, ಹೆಚ್ಚಾದವು. ಸೊಸೆ ಮುಂಜಾನೆ ಬಚ್ಚಲಲ್ಲಿ ಕೂತು ತಣ್ಣೀರಲ್ಲಿ ಒಂದೊಂದೇ ಚುಕ್ಕೆ ಉಜ್ಜುತ್ತಿದ್ದಳು. ಹಾಗೆ ಉಜ್ಜುವಾಗ ಒಂದು ದಿನ ಅವಳ ಕೈ ನಿಂತಿತು. ಸೂಜಿ ಚುಚ್ಚಿದ ರಕ್ತ ಎಲ್ಲಿ ಬೇಕಾದರೂ ಬೀಳಬೇಕಲ್ಲ? ಇದು ಹಾಗಿರಲಿಲ್ಲ. ಅಂಚಿನ ಹೊಲಿಗೆ ಉದ್ದಕ್ಕೂ ಬೆಳ್ಳಗಿತ್ತು, ಕೊನೆಯಲ್ಲಿ ಚುಕ್ಕೆ. ಗುಂಡಿಗಳಲ್ಲಿ ದಾರ ಸುತ್ತಿ ಮುಗಿಸಿದ ಕಡೆ ಚುಕ್ಕೆ. ಮಿಕ್ಕ ಕೋಟುಗಳನ್ನೂ ಎತ್ತಿ ನೋಡಿದಳು. ಎಲ್ಲ ಚುಕ್ಕೆಯೂ ದಾರ ಮುಗಿದ ಜಾಗದಲ್ಲೇ.

ಕೈ ಒರೆಸಿಕೊಳ್ಳದೆ ಅಂಗಡಿಗೆ ಬಂದಳು. ಮಾವ ಗುಂಡಿ ಹಾಕಿ ಮುಗಿಸಿ, ಕೋಟನ್ನು ಬಾಯಿಯ ಹತ್ತಿರಕ್ಕೆ ತಂದು, ದಾರವನ್ನು ಮುಂಬಲ್ಲಿಗೆ ಸಿಕ್ಕಿಸಿ ಕಡಿದರು. ಕಡಿಯುವಾಗ ಕಣ್ಣು ಬಿಗಿಯಾಗಿ ಮುಚ್ಚಿದ್ದವು. ಜೀವಮಾನವಿಡೀ ಹೀಗೇ ಕಡಿದಿದ್ದರು. ಅವಳಿಗೂ ಹೀಗೇ ಕಲಿಸಿದ್ದರು. ದಾರ ಕಡಿಯಲು ಕತ್ತರಿ ಹುಡುಕುವವನು ಸೋಮಾರಿ ಎಂದು.

“ಮಾವ, ಬಾಯಿ ತೆಗೀರಿ.”

“ಏನು?”

“ಬಾಯಿ ತೆಗೀರಿ, ನೋಡ್ತೀನಿ.”

“ಸೊಸೆ ಮುಂದೆ ಬಾಯಿ ಕಿಸಿದು ಕೂರಬೇಕಾ ನಾನು? ಹೋಗು, ಕೆಲಸ ನೋಡು. ನಿನ್ನ ಕೈಗೆ ಕತ್ತರಿ ಬಂತು ಅಂತ ನನ್ನ ಬಾಯಿಗೂ ಯಜಮಾನಿ ಆದ್ಯಾ?”

ಮಾತು ನೆಟ್ಟಗೆ ಎದೆಗೆ ತಾಗಿತು. ಅವಳು ಅಡುಗೆಮನೆಗೆ ಹೋಗಿ ಅತ್ತೆಯನ್ನು ಹಿಡಿದಳು. ಅತ್ತೆ ಕೇಳಿಸಿಕೊಂಡು ಒಲೆ ಸಣ್ಣಗೆ ಮಾಡಿದರು. ಯಾಕೋ ಅವರಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ.

“ಬಾಯಿ ವಾಸನೆ ಬರ್ತಿತ್ತು,” ಎಂದರು ಮೆಲ್ಲಗೆ.

“ಯಾವಾಗಿನಿಂದ?”

“ಎರಡು ವರ್ಷ ಆಗಿರ್ಬೇಕು. ನಾನು ಹಾಸಿಗೆ ಮೊಮ್ಮಗಳ ಕೋಣೆಗೆ ಹಾಕ್ಕೊಂಡಿಲ್ವಾ? ಮಂಡಿನೋವು, ಫ್ಯಾನಿನ ಗಾಳಿ ಆಗಲ್ಲ ಅಂತ ಹೇಳಿದ್ದು ಸುಳ್ಳು.”

“ಒಂದು ಮಾತು ಹೇಳಬಾರದಾಗಿತ್ತಾ ಅತ್ತೆ?”

“ಏನಂತ ಹೇಳ್ಲಿ? ಗಂಡನ ಬಾಯಿ ನಾರುತ್ತೆ ಅಂತ ಬೀದೀಲಿ ಸಾರ್ಲಾ?” ಅತ್ತೆ ಸೆರಗಿನಲ್ಲಿ ಮೂಗು ಒರೆಸಿಕೊಂಡರು. “ನೀನೇನು ಕಡಿಮೆಯಾ? ಬೆಳಗಾಗೋಕ್ಕೆ ಮುಂಚೆ ಬಚ್ಚಲಲ್ಲಿ ಕೂತು ಕಲೆ ಉಜ್ಜೋದು ನನಗೆ ಗೊತ್ತಿಲ್ಲ ಅಂದ್ಕೊಂಡ್ಯಾ?”

ಆಮೇಲೆ ಅತ್ತೆ ಸೌಟು ಹಿಡಿದುಕೊಂಡೇ ಅಂಗಡಿಗೆ ನಡೆದು, “ಬಾಯಿ ತೆಗೀತೀರೋ, ಇಲ್ಲ ನಾನು ಬೀದಿಗೆ ಹೋಗಿ ಕೂಗ್ಲೋ?” ಎಂದರು. ಮಾವ ತೆಗೆದರು. ಒಸಡು ಊದಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಹಲ್ಲಿನ ಬುಡದಲ್ಲಿ ಕೀವು. ಕೆಳಗಿನ ಮುಂಬಲ್ಲೊಂದು ನಾಲಿಗೆ ತಾಗಿದರೆ ಅಲ್ಲಾಡುತ್ತಿತ್ತು.

ದಂತವೈದ್ಯೆ ಚಿಕ್ಕ ವಯಸ್ಸಿನವಳು, ಮಾತು ಮಾತ್ರ ನೇರ. ಗಂಡ ಕೆಲಸ ಬಿಟ್ಟು ಬಂದವನು ಬಾಗಿಲಿಗೊರಗಿ ನಿಂತಿದ್ದ.

“ಹಲ್ಲು ಉಜ್ಜೋದು ಬಿಟ್ಟು ಎಷ್ಟು ದಿನ ಆಯ್ತು ತಾತ?”

“ಬಾಯಿ ಮುಕ್ಕಳಿಸ್ತೀನಿ.”

“ಅದಲ್ಲ. ನೋವು ಅಂತ ಉಜ್ಜೋದು ಬಿಟ್ರಾ, ಮರೆತು ಬಿಟ್ರಾ?”

ಮಾವ ಬಹಳ ಹೊತ್ತು ಯೋಚಿಸಿದರು. “ಅದು ನೆನಪಿಲ್ಲ.”

ವೈದ್ಯೆಗೆ ನಗು ಬಂತು. ಬೇರೆ ಯಾರಿಗೂ ಬರಲಿಲ್ಲ. ಸೊಸೆ ಧೈರ್ಯಮಾಡಿ ಅಳತೆ ಮರೆಯುವುದು, ಎರಡು ಸಲ ಊಟ ಕೇಳುವುದು, ತೋಳಿನ ಕಥೆ ಎಲ್ಲ ಹೇಳಿದಳು. ವೈದ್ಯೆ ಕೈಯಲ್ಲಿದ್ದ ಕನ್ನಡಿ ಕೆಳಗಿಟ್ಟಳು.

“ಒಸಡಿನ ಕಾಯಿಲೆ ಇರೋ ವಯಸ್ಸಾದೋರಲ್ಲಿ ಮರೆವು ಹೆಚ್ಚು ಅಂತ ತುಂಬಾ ಕಡೆ ನೋಡಿದ್ದಾರೆ. ಎರಡಕ್ಕೂ ಏನೋ ನಂಟಿದೆ.”

“ಹಲ್ಲಿಗೂ ತಲೆಗೂ ಏನ್ರೀ ಸಂಬಂಧ?” ಎಂದ ಗಂಡ.

“ಒಸಡಿನ ಕೀವು, ಉರಿ ಅಲ್ಲೇ ಇರಲ್ಲ, ರಕ್ತಕ್ಕೂ ಸೇರುತ್ತೆ. ಅಗಿಯೋಕಾಗದೆ ಊಟ ಕೆಡುತ್ತೆ, ನೋವಿಗೆ ನಿದ್ದೆ ಕೆಡುತ್ತೆ. ಆದ್ರೆ ಒಸಡಿಂದ ಮರೆವು ಬಂತೋ, ಮರೆವಿಂದ ಉಜ್ಜೋದು ತಪ್ಪಿ ಒಸಡು ಕೆಟ್ಟಿತೋ ಅಂತ ಯಾರೂ ಖಂಡಿತವಾಗಿ ಹೇಳಲ್ಲ. ನಾನಂತೂ ಹೇಳಲ್ಲ.”

“ಅಂದ್ರೆ ಬಾಯಿ ವಾಸಿಯಾದ್ರೆ ತಲೆ ಸರಿಹೋಗುತ್ತಾ?”

“ಒಸಡಿಗೆ ನಾನು ಜವಾಬ್ದಾರಿ. ನೆನಪಿಗೆ ಮಾತು ಕೊಡಲ್ಲ. ಸಕ್ಕರೆ ಪರೀಕ್ಷೆ ಮಾಡಿಸಿ, ಮರೆವಿಗೆ ಬೇರೆ ಡಾಕ್ಟರಿಗೆ ತೋರಿಸಿ. ಇದನ್ನ ಮಾತ್ರ ಇನ್ನು ಒಂದು ವಾರನೂ ಹೀಗೆ ಬಿಡಬೇಡಿ.”

ಹಲ್ಲು ಕೀಳಬೇಕು, ಒಸಡಿನ ಒಳಗಿಂದ ಹಲವು ಸಲ ಕೆರೆದು ತೆಗೆಯಬೇಕು ಎಂದು ಕೇಳಿದ್ದೇ ಮಾವ ಕುರ್ಚಿಯಿಂದ ಇಳಿದು ಚಪ್ಪಲಿ ಹುಡುಕತೊಡಗಿದರು. “ಕತ್ತರಿ ಕಿತ್ಕೊಂಡಾಯ್ತು, ಈಗ ಹಲ್ಲೂ ಕೀಳ್ತಾರಂತೆ. ನನಗೆ ಬೇಡ.”

ಗಂಡ ಬಾಯಿ ತೆರೆಯುವ ಮೊದಲೇ ಸೊಸೆ ಅವರ ಕೈ ಹಿಡಿದಳು. ಯೋಚಿಸಿ ಆಡಿದ ಮಾತಲ್ಲ, ಬಾಯಿಗೆ ಬಂದುಬಿಟ್ಟಿತು. “ಬಾಯಿ ವಾಸಿ ಮಾಡಿಸ್ಕೊಳ್ಳಿ ಮಾವ. ವಾಸಿಯಾದ ದಿನ ನಿಮ್ಮ ಕತ್ತರಿ ನಿಮ್ಮ ಕೈಗೆ ಕೊಡ್ತೀನಿ. ನನ್ನ ಮಾತು.”

ಮಾವ ಚಪ್ಪಲಿ ಬಿಟ್ಟು ಕುರ್ಚಿಗೆ ವಾಪಸ್ ಹತ್ತಿದರು. ಗಂಡನ ಕಣ್ಣು ಕೆಂಡವಾಗಿದ್ದವು.

ಮನೆಗೆ ಬಂದ ಮೇಲೆ ಕೇಳಬೇಕೇ? “ಯಾರನ್ನ ಕೇಳಿ ಮಾತು ಕೊಟ್ಟೆ? ಬೀಗದಕೈ ಇರೋದು ನನ್ನ ಹತ್ರ.”

“ಗೊತ್ತು.”

“ಇನ್ನೊಂದು ಸಲ ಬಟ್ಟೆ ಹಾಳಾದ್ರೆ ಆಸ್ಪತ್ರೆ ಆರ್ಡರ್ ಹೋಗುತ್ತೆ. ನನ್ನ ಸಂಬಳದಲ್ಲಿ ಇಷ್ಟು ಜನ ಉಣ್ಣೋಕಾಗುತ್ತಾ?”

“ಅದೂ ಗೊತ್ತು ಕಣ್ರೀ.”

“ಗೊತ್ತಿದ್ದೂ ಅಪ್ಪಂಗೆ ಆಸೆ ಹುಟ್ಟಿಸ್ತೀಯಲ್ಲ, ಕೊಡಕ್ಕಾಗದೇ ಇದ್ರೆ ಆ ಮನುಷ್ಯ ಬದುಕ್ತಾರಾ?”

ಅವಳು ಮಷಿನ್ನಿನ ಮುಂದೆ ಹೋಗಿ ಕೂತಳು.

ವಾರಗಳು ಉರುಳಿದವು. ಮಾವ ವೈದ್ಯೆಯ ಕುರ್ಚಿಯಲ್ಲಿ ಹಿಡಿಕೆ ಗಟ್ಟಿಯಾಗಿ ಹಿಡಿದು ಕೂತರು, ಒಮ್ಮೆಯೂ ನರಳಲಿಲ್ಲ. ನಾಲ್ಕು ಹಲ್ಲು ಹೋದವು, ಎಲ್ಲ ಮುಂದಿನವೇ. ಸಕ್ಕರೆ ಕಾಯಿಲೆ ಇರಲಿಲ್ಲ. ಮರೆವಿನ ಡಾಕ್ಟರು ಚಿತ್ರ ತೋರಿಸಿ, ಲೆಕ್ಕ ಕೇಳಿ, ಇದು ಶುರುವಿನ ಹಂತ, ಎಷ್ಟು ನಿಧಾನವಾಗಿ ಹೋಗುತ್ತೋ ನೋಡೋಣ ಎಂದರು. ಬೆಳಿಗ್ಗೆ ಸಂಜೆ ಉಪ್ಪುನೀರಿನ ಲೋಟ, ಮೆತ್ತನೆಯ ಬ್ರಷ್ಷು ಹಿಡಿದು ಗುಂಡುಸೂಜಿ ಬಚ್ಚಲ ಬಾಗಿಲಲ್ಲಿ ಕಾವಲು.

“ಉಜ್ಜಿದೆನಲ್ಲೇ.”

“ನಿನ್ನೆ ಉಜ್ಜಿದ್ರಿ ಅಜ್ಜ. ಬ್ರಷ್ ಒಣಗಿದೆ ನೋಡಿ.”

“ಸುಳ್ಳು ಹೇಳ್ತೀಯಾ, ಗುಂಡುಸೂಜಿ!”

“ಉಜ್ಜಿ, ಆಮೇಲೆ ಬೈಯಿರಿ. ಈಗ ಬೈದ್ರೆ ಸರಿಯಾಗಿ ಕೇಳಿಸಲ್ಲ.”

ಹಲ್ಲಿಲ್ಲದ ಸಂದಿನಲ್ಲಿ ಮಾವ ಕಿಸಕ್ಕನೆ ನಕ್ಕರು. ಊಟ ಸೇರತೊಡಗಿತು. ಒಂದು ಮಧ್ಯಾಹ್ನ ಸೌತೆಕಾಯಿ ಹೋಳನ್ನು ದವಡೆಗೆ ಸರಿಸಿ ಕರುಂಕರುಂ ಎಂದು ಅಗಿದಾಗ ಅತ್ತೆ ಅಡುಗೆಮನೆಯೊಳಗೆ ಹೋಗಿ ಒಬ್ಬರೇ ಅತ್ತುಬಂದರು. ಅವರ ಹಾಸಿಗೆ ಹಳೆಯ ಕೋಣೆಗೆ ಮರಳಿತು. ಬಟ್ಟೆಯ ಮೇಲೆ ಚುಕ್ಕೆ ನಿಂತಿತು. ಮಾವನ ಸಿಡುಕು ಅರ್ಧ ಇಳಿದಿತ್ತು, ಕಣ್ಣಲ್ಲಿ ಸ್ವಲ್ಪ ಬೆಳಕಿತ್ತು. ಆದರೆ ಚಹಾ ಕುಡಿದ ಲೋಟ ಕೆಳಗಿಟ್ಟು ಚಹಾ ಕೇಳುವುದು ಪೂರ್ತಿ ನಿಂತಿರಲಿಲ್ಲ. ವಿಚಿತ್ರವೆಂದರೆ, ಬೇರೆಲ್ಲ ಮರೆತರೂ ಸೊಸೆ ಕೊಟ್ಟ ಮಾತನ್ನು ಮಾತ್ರ ಅವರು ಮರೆಯಲಿಲ್ಲ. ಕೊನೆಯ ಸಲ ವೈದ್ಯೆ “ಒಸಡು ಗಟ್ಟಿಯಾಗಿದೆ” ಎಂದಳು. ಮನೆಗೆ ಬಂದವರೇ ಮಾವ ಕತ್ತರಿಸುವ ಮೇಜಿನ ಹಿಂದೆ ಹೋಗಿ ನಿಂತು ಕೈಚಾಚಿದರು.

“ಎಲ್ಲಮ್ಮಾ?”

ಸೊಸೆ ಗಂಡನ ಕಡೆ ನೋಡಿದಳು. ಅವನು ಡಿಪೋಗೆ ಹೊರಟು ನಿಂತಿದ್ದ.

“ಬೀಗದಕೈ ಕೊಡಿ.”

“ಕೊಡಲ್ಲ. ಅವರಿಗೆ ಅಂಕಿ ನಿಲ್ಲಲ್ಲ ಕಣೇ, ನೀನೂ ನೋಡ್ತಿದ್ದೀಯ.”

“ವರ್ಷದಿಂದ ನಿಲ್ತಿಲ್ಲ. ವರ್ಷದಿಂದ ಅಳತೆ ಹೇಳಿಕೊಡ್ತಿರೋಳು ನಾನು. ಯಾವ ಕೋಟು ವಾಪಸ್ ಬಂತು ಅಳತೆ ತಪ್ಪಿ? ನಾನಿಲ್ಲದ ಒಂದು ಬೆಳಿಗ್ಗೆ ಬಿಟ್ಟು?”

ಗಂಡ ಬೆಪ್ಪಾಗಿ ನಿಂತ. “ನನಗ್ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಅವತ್ತೇ ಬೀಗ ಹಾಕ್ತಿದ್ರಿ. ಅವರು ಕೂತು ಅಷ್ಟು ನೋವು ತಿಂದಿದ್ದು ನನ್ನ ಮಾತು ನಂಬಿ ಕಣ್ರೀ. ಆ ಮಾತು ಸುಳ್ಳು ಮಾಡಿಸಬೇಡಿ.”

ಗಂಡ ಜೇಬಿಗೆ ಕೈಹಾಕಿದ. ಬೀಗದಕೈ ಅವಳಿಗೆ ಕೊಡಲಿಲ್ಲ. ತಾನೇ ಒಳಗೆ ಹೋಗಿ ಕತ್ತರಿ ತಂದು, ಸುತ್ತಿದ್ದ ಬಟ್ಟೆ ಬಿಚ್ಚಿ, ಅಪ್ಪನ ಮುಂದಿಟ್ಟ. ಇಟ್ಟವನು ಕೆಲಸಕ್ಕೆ ಹೋಗದೆ ಬಾಗಿಲಲ್ಲೇ ನಿಂತ.

ಟೇಪು ಮಾತ್ರ ಮೊದಲಿನಂತೆ ಮಾವನ ಕೊರಳಲ್ಲೇ ಉಳಿದಿತ್ತು. ಹೊಸದಾಗಿ ಸೇರಿದ ನರ್ಸೊಬ್ಬಳ ಅಳತೆಯನ್ನು ಮಾವ ಬೆಳಿಗ್ಗೆಯಷ್ಟೇ ತೆಗೆದುಕೊಂಡಿದ್ದರು. ಬಟ್ಟೆ ಬಿಡಿಸಿದರು. ನಯದ ಮುಖ ಒಳಗಾಗುವಂತೆ ಮಡಿಸಿದರು. ಸೊಸೆ ಮಷಿನ್ ತುಳಿಯತೊಡಗಿದಳು. ಸೀಮೆಸುಣ್ಣ ಹಿಡಿದು ಬಗ್ಗಿದರು. ನಿಂತರು. ಮಷಿನ್ನೂ ನಿಂತಿತು, ಬಾಗಿಲಲ್ಲಿ ಗಂಡನೂ ಅಲ್ಲಾಡಲಿಲ್ಲ.

ಸೊಸೆ ಮಷಿನ್ನಿನ ಕಡೆ ಮುಖಮಾಡಿ, ಎಂದಿನಂತೆ, “ಎದೆ ಮೂವತ್ತಾರು ಇರ್ಬೇಕು ಆ ಹುಡುಗೀದು...” ಎಂದು ಗೊಣಗಿದಳು.

“ಗೊಣಗಬೇಡ,” ಎಂದರು ಮಾವ, ತಲೆ ಎತ್ತದೆ. “ಈ ಕಡೆ ತಿರುಗಿ ಗಟ್ಟಿಯಾಗಿ ಹೇಳು. ವರ್ಷದಿಂದ ಗೊಣಗ್ತಾನೇ ಇದ್ದೀಯ. ಕೆಟ್ಟಿದ್ದು ನನ್ನ ಬಾಯಿ, ಕಿವಿಯಲ್ಲ.”

ಅವಳು ಎದ್ದು ಹೋಗಿ ಮೇಜಿನ ಎದುರು ನಿಂತು ಒಂದೊಂದೇ ಅಳತೆ ಹೇಳಿದಳು. ಸುಣ್ಣ ಓಡಿತು. ದೊಡ್ಡ ಕತ್ತರಿ ಮೇಜಿನ ಮರಕ್ಕೆ ತಾಗುತ್ತ ಕಿರಕ್ ಕಿರಕ್ ಎಂದು ಸಾಗಿತು. ಒಂದು ಕೋಟಿನ ಬಟ್ಟೆ ಕತ್ತರಿಸಿ ಮುಗಿಸಿ, ಎಡತೋಳು ಬಲತೋಳು ಪಕ್ಕಪಕ್ಕದಲ್ಲಿಟ್ಟು ಬಾಗಿಲಲ್ಲಿದ್ದ ಮಗನಿಗೆ ಕಾಣುವಂತೆ ತಟ್ಟಿದರು. ಆಮೇಲೆ ಕತ್ತರಿಯ ಹಿಡಿಕೆಯನ್ನು ಸೊಸೆಯ ಕಡೆಗೆ ತಿರುಗಿಸಿ ತಳ್ಳಿದರು.

“ಎರಡನೇದು ನೀನು ಕತ್ತರಿಸು. ನಾನು ನೋಡ್ತೀನಿ. ಈ ಕತ್ತರಿ ಭಾರ, ಮಣಿಕಟ್ಟು ಸಡಿಲ ಬಿಡು.”

ಗಂಡ ಚಪ್ಪಲಿ ಮೆಟ್ಟಿ ಡಿಪೋಗೆ ಹೋದ.

ಸಂಜೆ ಆ ಮೊದಲ ಕೋಟಿಗೆ ಗುಂಡಿ ಹಾಕಿದವಳು ಸೊಸೆಯೇ. ಗಂಟು ಹಾಕಿ, ಅಭ್ಯಾಸಬಲದಿಂದ ಕೋಟನ್ನು ಬಾಯಿಗೆ ತಂದು ದಾರ ಕಡಿದಳು. ಟೇಪಿನ ತುದಿ ರಪ್ಪನೆ ಅವಳ ಮೊಣಕೈಗೆ ಬಿತ್ತು.

“ಹಲ್ಲಲ್ಲಿ ದಾರ ಕಡೀತಾರೇನೇ? ಕತ್ತರಿ ಇಲ್ವಾ? ನನ್ನ ಬಾಯಿ ನೋಡಿ ಬುದ್ಧಿ ಬರಲಿಲ್ವಾ ನಿನಗೆ?”

“ತಪ್ಪಾಯ್ತು ಮಾವ.” ಅವಳು ಚಿಕ್ಕ ಕತ್ತರಿ ಕೈಗೆತ್ತಿಕೊಂಡಳು. ಎರಡನೇ ಗುಂಡಿ, ಮೂರನೇ ಗುಂಡಿ. ಪ್ರತಿಸಲವೂ ಕತ್ತರಿಯಲ್ಲೇ ದಾರ ಕತ್ತರಿಸಿದಳು. ಮಾವ ಬೀದಿ ನೋಡುತ್ತ ಕೂತಿದ್ದರು. ನಾಲ್ಕನೇ ಗುಂಡಿಗೆ ಬಂದಾಗ ಇತ್ತ ತಿರುಗಿ, ಹೊಸದೇನೋ ಹೊಳೆದವರಂತೆ ಹುಬ್ಬೇರಿಸಿದರು.

“ನೋಡಮ್ಮಾ, ಒಂದು ಮಾತು ಹೇಳ್ತೀನಿ. ಹಲ್ಲಲ್ಲಿ ಮಾತ್ರ ದಾರ ಕಡೀಬೇಡ.”

ಚಿಕ್ಕ ಕತ್ತರಿ ಅವಳ ಕೈಯಲ್ಲೇ ಇತ್ತು. ಅದನ್ನು ಮೆಲ್ಲಗೆ ಕೋಟಿನ ಮಡಿಕೆಯೊಳಗೆ ಸರಿಸಿಟ್ಟಳು.

“ಇಲ್ಲ ಮಾವ,” ಎಂದಳು. “ಚಿಕ್ಕ ಕತ್ತರಿ ಎಲ್ಲಿದೆ, ಸ್ವಲ್ಪ ಹುಡುಕಿಕೊಡ್ತೀರಾ?”